ರಾಕೆಟ್‌ಗೆ ಮಳೆ ಅಂದರೆ ಹೆದರಿಕೆಯಾ?

ವಿಮಾನಗಳು ಮಳೆಯಲ್ಲೂ ಹಾರುತ್ತವೆ, ಅಷ್ಟು ದೊಡ್ಡ ರಾಕೆಟ್‌ಗೆ ಮೋಡ ಕಂಡರೆ ಯಾಕೆ ಭಯ ಅಂತ ಕೇಳಿದ್ದೀರಿ. ನಾನು ಉಡುಪಿಯವಳು, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. "ಟೀಚರ್, ಬಜ್ಪೆಯಲ್ಲಿ ಜಡಿಮಳೆಗೂ ವಿಮಾನ ಇಳಿಯುತ್ತದಲ್ವಾ?" ಅಂತ ನಮ್ಮ ಮಕ್ಕಳೂ ಕೇಳುತ್ತಾರೆ.

ಬರೀ ಮಳೆ ಅಷ್ಟು ದೊಡ್ಡ ವಿಷಯವಲ್ಲ. ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ನೋಡಿ, ದಿನವಿಡೀ ಸುರಿದರೂ ಗುಡುಗು ಕಡಿಮೆ. ಅದೇ ಅಕ್ಟೋಬರ್ ಸಂಜೆ ಅರ್ಧ ಗಂಟೆ ಬರುವ ಮಳೆಗೆ ಟಿವಿ, ಫ್ರಿಜ್ಜಿನ ಪ್ಲಗ್ ಎಲ್ಲ ಕಿತ್ತಿಡುತ್ತೇವೆ. ಅಂಥದ್ದೇ ಒಂದು ಸಂಜೆ ನಮ್ಮ ಬಾವಿಕಟ್ಟೆ ಪಕ್ಕದ ತೆಂಗಿನಮರಕ್ಕೆ ಸಿಡಿಲು ಬಡಿಯಿತು. ಕೆಲವೇ ದಿನದಲ್ಲಿ ಮಡಲೆಲ್ಲ ಜೋತುಬಿದ್ದು ಮರ ಸತ್ತಿತು. ರಾಕೆಟ್‌ನವರು ಹೆದರುವುದು ಈ ಎರಡನೇ ನಮೂನೆಯ ಮೋಡಕ್ಕೆ.

ಆದರೆ ತೆಂಗಿನಮರ ಸುಮ್ನೆ ನಿಂತಿರುತ್ತದೆ. ರಾಕೆಟ್ ಹಾಗಲ್ಲ, ತಾನೇ ಹೋಗಿ ಸಿಡಿಲನ್ನು ಕರೆಯುತ್ತದೆ. ಅದರ ಬಾಲದ ಬೆಂಕಿ, ಬಿಸಿ ಅನಿಲದಲ್ಲೂ ವಿದ್ಯುತ್ ಹರಿಯುತ್ತದೆ. ಮೋಡದೊಳಗೆ ಒಂದು ಉದ್ದನೆಯ ತಂತಿ ನುಗ್ಗಿಸಿದ ಹಾಗೆ. ಅಲ್ಲಿಯವರೆಗೆ ಒಂದೂ ಮಿಂಚದ ಮೋಡವೂ ಆಗ ಸಿಡಿಲು ಹೊಡೆಯಬಹುದು.

1969ರ ನವೆಂಬರ್ 14ರಂದು ಅಮೆರಿಕದ ಚಂದ್ರಯಾನ ಅಪೊಲೊ 12 ಮಳೆಯಲ್ಲೇ ಹೊರಟಿತು. 36ನೇ ಸೆಕೆಂಡಿಗೆ ಒಂದು ಸಿಡಿಲು, 52ನೇ ಸೆಕೆಂಡಿಗೆ ಇನ್ನೊಂದು. ಗಗನಯಾತ್ರಿಗಳ ಮುಂದೆ ಎಚ್ಚರಿಕೆಯ ದೀಪಗಳು ಸಾಲಾಗಿ ಹತ್ತಿಕೊಂಡವು, ನೆಲಕ್ಕೆ ಬರುತ್ತಿದ್ದ ಅಂಕಿಗಳು ಕಲಸಿಹೋದವು. ಕಂಟ್ರೋಲ್ ರೂಮಿನಲ್ಲಿದ್ದ ಜಾನ್ ಆರನ್‌ಗೆ ಯಾರೂ ಹೆಚ್ಚು ಮುಟ್ಟದ ಒಂದು ಸ್ವಿಚ್ ನೆನಪಾಯಿತು, ಅದನ್ನು ಹಾಕಿಸಿದಾಗ ಅಂಕಿಗಳು ಸರಿಯಾದವು, ಬಚಾವ್. ರಾಕೆಟ್‌ನ ಸ್ವಂತ ಕಂಪ್ಯೂಟರ್ ಕೆಡದೆ ಉಳಿದದ್ದೂ ಪುಣ್ಯ. 1987ರ ಮಾರ್ಚ್‌ನಲ್ಲಿ ಅಟ್ಲಾಸ್-ಸೆಂಟಾರ್‌ಗೆ ಆ ಪುಣ್ಯ ಇರಲಿಲ್ಲ. ಸಿಡಿಲಿಗೆ ಅದರ ಕಂಪ್ಯೂಟರಿನ ಲೆಕ್ಕ ತಪ್ಪಿತು, ರಾಕೆಟ್ ಸರಕ್ಕನೆ ತಿರುಗಿ ಮುರಿಯಿತು, ಉಪಗ್ರಹವೂ ಹೋಯಿತು. ಅಮೆರಿಕದ ನಿಯಮದಲ್ಲಿ ಈಗ ಸುಮಾರು 18 ಕಿಲೋಮೀಟರ್ ಒಳಗೆ ಮಿಂಚು ಕಂಡರೆ 30 ನಿಮಿಷ ಹಾರಿಸುವಂತಿಲ್ಲ.

ಇನ್ನು ಗಾಳಿ. ಪಣಂಬೂರು ಬೀಚಿನಲ್ಲಿ ಗಾಳಿಪಟ ಬಿಟ್ಟವರಿಗೆ ಗೊತ್ತು, ಮರಳಲ್ಲಿ ನಿಂತವರಿಗೆ ತಾಗುವ ಗಾಳಿಯೇ ಬೇರೆ, ಮೇಲೆ ಪಟವನ್ನು ಎಳೆಯುವ ಗಾಳಿಯೇ ಬೇರೆ. ಹತ್ತು ಹನ್ನೆರಡು ಕಿಲೋಮೀಟರ್ ಮೇಲೆ ಈ ಆಟ ಇನ್ನೂ ಜೋರು. ರಾಕೆಟ್ ನೋಡಲು ದೊಡ್ಡದು, ಮೈ ಮಾತ್ರ ತೆಳು. ಅಡ್ಡಗಾಳಿ ಜಾಸ್ತಿಯಾದರೆ ತಡೆದುಕೊಳ್ಳುವುದಿಲ್ಲ. ಅದಕ್ಕೇ ಹಾರಿಸುವ ಮೊದಲು ಬಲೂನ್ ಬಿಟ್ಟು ಬಿಟ್ಟು ಅಳೆಯುತ್ತಾರೆ. ಕೆಳಗೆ ಒಂದು ಎಲೆ ಅಲುಗದ ದಿನವೂ ಉಡಾವಣೆ ನಿಲ್ಲಬಹುದು.

ಚಳಿಯ ಸುದ್ದಿ ನಮ್ಮ ಸೆಕೆಯ ಊರಿನವರಿಗೆ ತಮಾಷೆ ಅನ್ನಿಸಬಹುದು. ಆದರೆ 1986ರಲ್ಲಿ ಅಮೆರಿಕದ ಚಾಲೆಂಜರ್ ನೌಕೆ ಒಡೆದುಹೋದದ್ದು, ಏಳು ಜನ ಸತ್ತದ್ದು, ಚಳಿಗೆ ಗಡುಸಾದ ಒಂದು ರಬ್ಬರ್ ರಿಂಗಿನಿಂದ.

ಸ್ವಲ್ಪ ಕಾದು ಹಾರಿಸಬಾರದಾ ಅಂದರೆ, ಕೆಲವೊಮ್ಮೆ ಕಾಯುತ್ತಾರೆ. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಲ್ಲಿ ಗಗನಯಾನದ ಪರೀಕ್ಷಾ ಹಾರಾಟ ಬೆಳಗ್ಗೆ 8ಕ್ಕೆ ಇತ್ತು, ಹವಾಮಾನದಿಂದಾಗಿ ಮೊದಲು ಅರ್ಧ ಗಂಟೆ ಮುಂದೆ ಹೋಯಿತು. (ಕೊನೆಗೆ ಹಾರಿದ್ದು 10ಕ್ಕೆ, ಅದಕ್ಕೆ ಬೇರೆ ಕಾರಣ.) ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುವುದಾದರೆ ಕಾಯುವ ಹಾಗಿಲ್ಲ, ನಿಲ್ದಾಣ ನಿಮಗಾಗಿ ನಿಲ್ಲುವುದಿಲ್ಲವಲ್ಲ. 2020ರ ಮೇ 27ರಂದು ಸ್ಪೇಸ್‌ಎಕ್ಸ್‌ನವರು ಇಬ್ಬರನ್ನು ಒಳಗೆ ಕೂರಿಸಿ, ಬಾಗಿಲು ಹಾಕಿ, ಇನ್ನು ಸುಮಾರು 17 ನಿಮಿಷ ಇದೆ ಅನ್ನುವಾಗ ಸಿಡಿಲಿನ ಭಯಕ್ಕೆ ನಿಲ್ಲಿಸಿದರು. ಇಬ್ಬರೂ ಇಳಿದು ಬಂದರು, 30ನೇ ತಾರೀಕು ಮತ್ತೆ ಹತ್ತಿ ಹೋದರು.