ಮಣಿಕಟ್ಟು ಮುರಿದ ತಾಯಿ, ಜೊತೆಗೆ ಬಂದ ಮಗಳು

ಸಿಂಧನೂರು ಕಡೆಯ, ಐವತ್ತು ದಾಟಿದ ಹೆಣ್ಣುಮಗಳು, ಮಗಳ ಜೊತೆ ನನ್ನ ಬಳಿ ಬಂದಿದ್ದರು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅಂಗಳದಲ್ಲಿ ಜಾರಿ ಕೈಯೂರಿದ್ದಕ್ಕೇ ಮಣಿಕಟ್ಟು ಮುರಿದಿತ್ತು. ಎಲುಬು ಕೂಡಿದರೂ ಆಕೆ ಹೊಸ್ತಿಲು ದಾಟುತ್ತಿರಲಿಲ್ಲ. “ಮತ್ತ ಬಿದ್ರ ಸೊಂಟಾನೇ ಮುರೀತದೇನೋ ಅಂತ ಹೆದರಿಕಿ ಆಗ್ತದ್ರಿ” ಎಂದರು.

ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಎಲುಬಿಗೆ ಹೋಲಿಸಿದ ಅಂಕ, ಮೈನಸ್ 2.8. ಮೈನಸ್ 2.5 ಅಥವಾ ಅದಕ್ಕೂ ಕೆಳಗೆ ಇಳಿದರೆ ಆಸ್ಟಿಯೊಪೊರೋಸಿಸ್, ಎಲುಬು ಸವೆದು ಸುಲಭಕ್ಕೆ ಮುರಿಯುವ ರೋಗ. ಮಾತಿನ ನಡುವೆ, ಮೂವತ್ತೈದರೊಳಗೇ ಗರ್ಭಚೀಲ ತೆಗೆಸಿದ್ದು ಗೊತ್ತಾಯಿತು. ಟ್ರಂಕಿನಲ್ಲಿದ್ದ ಹಳೆಯ ಡಿಸ್ಚಾರ್ಜ್ ಕಾರ್ಡ್ ತರಿಸಿ ನೋಡಿದರೆ, ಎರಡೂ ಅಂಡಾಶಯಗಳನ್ನೂ ತೆಗೆದಿದ್ದರು. ಇದನ್ನು ಆಕೆಗೆ ಇಷ್ಟು ವರ್ಷ ಯಾರೂ ಬಿಡಿಸಿ ಹೇಳಿರಲಿಲ್ಲ. ನನಗೆ ತುಂಬಾ ಸಂಕಟವಾಯಿತು. ಎಲುಬು ಸವೆಯದಂತೆ ಕಾಯುವ ಈಸ್ಟ್ರೋಜನ್ ಹಾರ್ಮೋನು ಮುಖ್ಯವಾಗಿ ಬರುವುದೇ ಅಂಡಾಶಯದಿಂದ. ಮುಟ್ಟು ನಿಲ್ಲುವ ವಯಸ್ಸಿಗೆ ಶುರುವಾಗಬೇಕಾದ ಸವೆತ ಈಕೆಗೆ ಹದಿನೈದು ವರ್ಷ ಮೊದಲೇ ಶುರುವಾಗಿತ್ತು. “ನಿಮ್ಮ ಹಣೆಬರಹ ಅಲ್ಲಮ್ಮ, ಇದಕ್ಕೆ ಕಾರಣ ಇದೆ, ಔಷಧವೂ ಇದೆ” ಎಂದೆ.

ಔಷಧವನ್ನು ಡಾಕ್ಟರು ಮೊದಲೇ ಬರೆದುಕೊಟ್ಟಿದ್ದರು ಕೂಡ. ಎಲುಬಿನ ಸವೆತ ತಡೆಯುವ, ವಾರಕ್ಕೊಂದು ಅಲೆಂಡ್ರೊನೇಟ್ ಗುಳಿಗೆ. ಆಕೆ ಅದನ್ನು ಚಹಾದ ಜೊತೆ ನುಂಗಿ ಮಲಗುತ್ತಿದ್ದರು, ಎದೆ ಉರಿದಿದ್ದಕ್ಕೆ ಬಿಟ್ಟಿದ್ದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ತುಂಬಿದ ಲೋಟ ಬರಿ ನೀರಿನಲ್ಲಿ ನುಂಗಬೇಕು. ಅರ್ಧ ಗಂಟೆ ಏನೂ ತಿನ್ನಬಾರದು, ಮಲಗಲೂಬಾರದು. ಮತ್ತೆ ಶುರು ಮಾಡುವ ಮುನ್ನ ಎದೆಯುರಿಯ ವಿಷಯ ಡಾಕ್ಟರಿಗೆ ತಿಳಿಸಲು ಹೇಳಿ ಕಳಿಸಿದೆ.

ಊಟ ಪೂರ್ತಿ ಬದಲಿಸಲು ಹೇಳಲಿಲ್ಲ. ನಮ್ಮ ಜೋಳದ ರೊಟ್ಟಿ ಒಳ್ಳೆಯದೇ, ಆದರೆ 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಂ ದಾಟದು. ರಾಗಿಯಲ್ಲಿ ಸುಮಾರು 350. ಮುಟ್ಟು ನಿಂತವರಿಗೆ ದಿನಕ್ಕೆ 1200 ಬೇಕು. ಹಾಗಾಗಿ ಬೆಳಿಗ್ಗೆ ರಾಗಿ ಅಂಬಲಿ, ರೊಟ್ಟಿಗೆ ಎಳ್ಳಿನ ಚಟ್ನಿ, ಎರಡು ಹೊತ್ತು ಮೊಸರು. ಸಾಲದ್ದಕ್ಕೆ ಡಾಕ್ಟರು ಹೇಳಿದಷ್ಟು ಕ್ಯಾಲ್ಸಿಯಂ ಗುಳಿಗೆ. ಎಲೆ-ಅಡಿಕೆ ಜೊತೆಗಿನ ತಂಬಾಕು ಬಿಡಲೇಬೇಕು, ಅದೂ ಎಲುಬು ತಿನ್ನುತ್ತದೆ.

ಹೆದರಿಕೆಯೇ ದೊಡ್ಡ ತೊಡಕಾಗಿತ್ತು. ಕೂತಷ್ಟೂ ಎಲುಬು, ಸ್ನಾಯು ಎರಡೂ ಸೊರಗುತ್ತವೆ, ಬೀಳುವ ಸಂಭವ ಹೆಚ್ಚುತ್ತದೆ. ಮಗಳ ತೋಳು ಹಿಡಿದು ಓಣಿಯ ತುದಿವರೆಗೆ ನಡೆಯುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು: ಇಷ್ಟರಿಂದ ಶುರು. ಬಗ್ಗಿ ತುಂಬಿದ ಕೊಡ ಎತ್ತುವುದು ಬೇಡ. ಬಚ್ಚಲಿನ ಪಾಚಿ ತಿಕ್ಕಿಸಿ, ರಾತ್ರಿ ದೀಪ ಹಾಕಿಸಿ ಎಂದೆ.

ಎದ್ದು ಹೊರಡುವಾಗ ಮಗಳು ಮೆಲ್ಲಗೆ ಬಾಯಿಬಿಟ್ಟಳು. ಬಿಳಿ ಮುಟ್ಟಿಗೆಂದು ಹೋದರೆ ಆಕೆಗೂ ಗರ್ಭಚೀಲ ತೆಗೆಸಲು ಹೇಳಿದ್ದಾರಂತೆ. ವಯಸ್ಸು ಇನ್ನೂ ಮೂವತ್ತಾಗಿಲ್ಲ. ಮತ್ತೆ ಕೂರಿಸಿದೆ. ಬಿಳಿ ಮುಟ್ಟು ಬಹುಪಾಲು ಔಷಧಕ್ಕೇ ವಾಸಿಯಾಗುತ್ತದೆ. ಮೊದಲು ಇನ್ನೊಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸು, ಆಪರೇಷನ್ ಬೇಕೇ ಬೇಕೆಂದರೆ ಅಂಡಾಶಯ ಉಳಿಸುತ್ತೀರಾ ಎಂದು ಬಾಯಿಬಿಟ್ಟು ಕೇಳು, ಕೇಳದೆ ಸಹಿ ಹಾಕಬೇಡ ಎಂದೆ. ತೋರಿಸಿಕೊಂಡು ಬಂದಳು. ಸೋಂಕಿತ್ತು, ಗುಳಿಗೆಗೆ ಕಡಿಮೆಯಾಯಿತು.