ಹಿಮದ ಚಳಿಯಲ್ಲಿ ಗೌಜಲ ಹಕ್ಕಿಗಳ ಗೂಡು

ಪ್ರಶ್ನೆ: ಅಮೆರಿಕದ ಮಿಶಿಗನ್‌ನಲ್ಲಿರುವ ನಾವು ಈ ಬೇಸಿಗೆಯಲ್ಲಿ ಮಕ್ಕಳ ಆಸೆಗೆಂದು ಕೆಲವು ಜಪಾನಿ ಗೌಜಲ ಹಕ್ಕಿಗಳನ್ನು ತಂದು, ಹಿತ್ತಿಲಿನ ತಂತಿಬಲೆಯ ಗೂಡಿನಲ್ಲಿ ಸಾಕುತ್ತಿದ್ದೇವೆ. ಜನವರಿಯ ರಾತ್ರಿಗಳಲ್ಲಿ ಇಲ್ಲಿ ಉಷ್ಣಾಂಶ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ಗೂಡಿನಲ್ಲಿ ಹೀಟ್ ಲ್ಯಾಂಪ್ ಹಾಕಬೇಕೇ, ಅಥವಾ ಹಕ್ಕಿಗಳನ್ನು ಮನೆಯೊಳಗೆ ತರಬೇಕೇ?
— ಓದುಗರು, ಮಿಶಿಗನ್

ಉತ್ತರ: ಸಾಮಾನ್ಯವಾಗಿ ಎರಡೂ ಬೇಕಾಗುವುದಿಲ್ಲ. ಗರಿ ಪೂರ್ತಿ ಬಲಿತ, ಆರೋಗ್ಯವಾಗಿರುವ ಜಪಾನಿ ಗೌಜಲ ಹಕ್ಕಿ ಒಣ ಚಳಿಯನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತದೆ; ಅದು ಸೋಲುವುದು ತೇವಕ್ಕೆ ಮತ್ತು ಮೈಗೆ ನೇರವಾಗಿ ಬೀಸುವ ಗಾಳಿಗೆ. ಗರಿಗಳ ನಡುವೆ ನಿಂತ ಬೆಚ್ಚನೆಯ ಗಾಳಿಯೇ ಅದರ ಕಂಬಳಿಯಾಗಿರುವುದರಿಂದ, ಗರಿ ನೆನೆದರೆ ಅಥವಾ ಕೆದರಿದರೆ ಹಕ್ಕಿ ಬೇಗನೆ ಕಾವು ಕಳೆದುಕೊಳ್ಳುತ್ತದೆ.

ಆದ್ದರಿಂದ ಗೂಡಿನ ಮೂರು ಬದಿಗಳನ್ನು ಪ್ಲೈವುಡ್‌ನಿಂದಲೋ ದಪ್ಪ ಪ್ಲಾಸ್ಟಿಕ್‌ನಿಂದಲೋ ಮುಚ್ಚಿ, ಗಾಳಿ ಕಡಿಮೆ ಬರುವ ದಿಕ್ಕನ್ನು ಮಾತ್ರ ತೆರೆದಿಡಿ. ಎಲ್ಲವನ್ನೂ ಬಿಗಿಯಾಗಿ ಮುಚ್ಚುವುದು ಪ್ರೀತಿಯಿಂದ ಮಾಡುವ ತಪ್ಪು: ಹಕ್ಕಿಗಳ ಉಸಿರಿನ ತೇವ ಮತ್ತು ಹಿಕ್ಕೆಯಿಂದೇಳುವ ಅಮೋನಿಯಾ ಹೊರಹೋಗದೆ ಒಳಗೇ ಉಳಿದು, ಕಾಲ್ಬೆರಳುಗಳು ಹಿಮಗಡಿತಕ್ಕೆ ಸಿಕ್ಕುತ್ತವೆ, ಶ್ವಾಸಕೋಶವೂ ಕೆಡುತ್ತದೆ. ಹಕ್ಕಿಗಳ ತಲೆಗಿಂತ ಮೇಲೆ, ಮಾಡಿನ ಕೆಳಗೆ ಗಾಳಿಕಂಡಿ ಇರಲೇಬೇಕು. ಬೆಳಿಗ್ಗೆ ಗೋಡೆಯ ಒಳಬದಿಯಲ್ಲಿ ನೀರಹನಿಯೋ ಮಂಜಿನ ಪದರವೋ ಕಂಡರೆ ಕಂಡಿ ಸಾಲದು ಎಂದು ತಿಳಿಯಿರಿ. ನೆಲ ತಂತಿಯದಾದರೆ ಕೆಳಗಿನಿಂದ ಗಾಳಿ ನುಗ್ಗುವುದರಿಂದ, ಅದರ ಮೇಲೆ ಹಲಗೆ ಹಾಸಿ, ತರಿತರಿಯಾದ ಪೈನ್ ಮರದ ಹೊಟ್ಟನ್ನೂ ಒಣಹುಲ್ಲನ್ನೂ ಐದಾರು ಇಂಚು ಹರಡಿ, ಒದ್ದೆಯಾದ ಭಾಗವನ್ನು ಆಗಾಗ ತೆಗೆಯುತ್ತಿರಿ. ಹಕ್ಕಿಗಳು ಅದರಲ್ಲಿ ಹುದುಗಿ, ಒಂದಕ್ಕೊಂದು ಒತ್ತಿಕೊಂಡು ಮಲಗುತ್ತವೆ.

ಹೀಟ್ ಲ್ಯಾಂಪ್ ಬಗ್ಗೆ ನನಗೆ ನಿಜವಾದ ಭಯವಿದೆ. ಒಣಹುಲ್ಲು ತುಂಬಿದ ಪುಟ್ಟ ಗೂಡಿನಲ್ಲಿ ಅದು ಬಿದ್ದರೆ ಬೆಂಕಿ ಖಚಿತ. ಹಿಮಬಿರುಗಾಳಿಯ ರಾತ್ರಿ ವಿದ್ಯುತ್ ಹೋದರೆ, ಕಾವಿಗೆ ಒಗ್ಗಿದ ಹಕ್ಕಿಗಳು ಒಮ್ಮೆಲೇ ಚಳಿಗೆ ಸಿಕ್ಕಿಬಿಡುತ್ತವೆ. ಮನೆಯೊಳಗೆ ತಂದು ಮತ್ತೆ ಹೊರಗೆ ಬಿಡುವುದರ ತೊಂದರೆಯೂ ಇದೇ. ನಿಮ್ಮ ಹಕ್ಕಿಗಳು ಬೇಸಿಗೆಯಿಂದಲೇ ಹೊರಗಿರುವುದರಿಂದ ಚಳಿ ಏರಿದಂತೆ ತಾವಾಗಿಯೇ ಹೊಂದಿಕೊಳ್ಳುತ್ತವೆ.

ನೀರಿನ ವಿಷಯದಲ್ಲಿ ಮಾತ್ರ ಸಡಿಲಿಕೆ ಸಲ್ಲದು. ನೀರು ಹೆಪ್ಪುಗಟ್ಟಿದರೆ ಹಕ್ಕಿ ಮೇವನ್ನೂ ಬಿಡುತ್ತದೆ. ದಿನಕ್ಕೆ ಎರಡು ಮೂರು ಬಾರಿ ಬದಲಿಸಿ, ಇಲ್ಲವೇ ಪಕ್ಷಿಗಳಿಗೆಂದೇ ತಯಾರಾದ ಬಿಸಿತಳದ ನೀರ್ಪಾತ್ರೆ ಬಳಸಿ. ಪಾತ್ರೆ ಅಗಲವಾಗಿದ್ದು ಹಕ್ಕಿಗಳು ಅದರಲ್ಲಿ ತುಳಿದಾಡುವಂತಿರಬಾರದು. ಮೇವು ಶೇ 20ಕ್ಕಿಂತ ಹೆಚ್ಚು ಪ್ರೋಟೀನ್ ಇರುವಂಥದ್ದಾಗಿರಲಿ. ಚಳಿಯಲ್ಲಿ ಅವು ಹೆಚ್ಚು ತಿನ್ನುವುದು ಸಹಜ. ಹಗಲು ಕುಗ್ಗಿದಾಗ ಮೊಟ್ಟೆ ನಿಂತರೆ ಗಾಬರಿಪಡಬೇಡಿ. ದೀಪವಿಟ್ಟು ಬೆಳಕನ್ನು 14 ಗಂಟೆಗೆ ಹೆಚ್ಚಿಸಿದರೆ ಮೊಟ್ಟೆ ಸಿಗುತ್ತದೆಯಾದರೂ, ಸಾಕುಹಕ್ಕಿಗಳಿಗೆ ವಿಶ್ರಾಂತಿ ಕೊಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ರಕೂನ್ ಮತ್ತು ಇಲಿಗಳ ಕಾಟಕ್ಕೆ ತೆಳುವಾದ ಕೋಳಿಬಲೆ ಸಾಲದು. ಅರ್ಧ ಇಂಚಿನ ಕಣ್ಣಿನ ಗಟ್ಟಿ ಬೆಸುಗೆ ಜಾಲರಿಯನ್ನೇ ಹಾಕಿಸಿ.

ಗರಿ ಬಲಿಯದ ಮರಿಗಳು, ಗಾಯಗೊಂಡವು, ಗರಿ ಉಬ್ಬಿಸಿಕೊಂಡು ಗುಂಪಿನಿಂದ ದೂರ ಕುಳಿತವು ಮಾತ್ರ ಒಳಗೆ ಬರಬೇಕು. ಇನ್ನೂ ಚಿಕ್ಕದಾದ ಬಟನ್ ಕ್ವೇಲ್ ಎಂಬ ಬೇರೆ ಜಾತಿಯ ಹಕ್ಕಿಯನ್ನು ಮುಂದೆ ತರುವುದಾದರೆ, ಅದು ಇಂಥ ಚಳಿ ತಾಳದಾದ್ದರಿಂದ, ಚಳಿಗಾಲವಿಡೀ ಮನೆಯೊಳಗೇ ಇಡಬೇಕಾಗುತ್ತದೆ.