ಗರ್ಭನಿರೋಧಕ ಮಾತ್ರೆಯಿಂದ ಐಬಿಎಸ್ ಹೆಚ್ಚಾಗುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ನಾಲ್ಕು ವರ್ಷಗಳಿಂದ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಕರುಳು ಸುಲಭವಾಗಿ ಕೆರಳಿ ಹೊಟ್ಟೆನೋವು, ಉಬ್ಬರ, ಭೇದಿ ಅಥವಾ ಮಲಬದ್ಧತೆ ಮರಳಿ ಮರಳಿ ಬರುವ ತೊಂದರೆ) ಇದೆ, ಮುಟ್ಟಿಗೆ ಮುಂಚಿನ ವಾರದಲ್ಲಿ ಹೊಟ್ಟೆ ಉಬ್ಬರಿಸುತ್ತದೆ, ಮುಟ್ಟು ಶುರುವಾದ ದಿನ ನುಲಿತವೂ ಭೇದಿಯೂ ಒಟ್ಟಿಗೇ ಬರುತ್ತವೆ, ಈಗ ಮದುವೆಯಾಗಿದೆ, ಎರಡು ವರ್ಷ ಮಗು ಬೇಡವೆಂದದ್ದಕ್ಕೆ ವೈದ್ಯರು ಎರಡು ಹಾರ್ಮೋನುಗಳಿರುವ ಮಾತ್ರೆ ಬರೆದುಕೊಟ್ಟಿದ್ದಾರೆ, ಅದನ್ನು ನುಂಗಿದರೆ ಕರುಳಿನ ಕಾಟ ಇನ್ನಷ್ಟು ಹೆಚ್ಚಬಹುದೇ ಎಂಬ ಭಯಕ್ಕೆ ಸ್ಟ್ರಿಪ್ಪನ್ನು ಇನ್ನೂ ಬಿಚ್ಚಿಲ್ಲ. ನಾನು ವೈದ್ಯೆಯಲ್ಲ. ಹದಿನಾಲ್ಕು ವರ್ಷ ಔಷಧದ ಅಂಗಡಿಯ ಕೌಂಟರಿನ ಹಿಂದೆ ನಿಂತ ಫಾರ್ಮಸಿಸ್ಟ್, ಜೊತೆಗೆ ಕಾಲೇಜು ದಿನಗಳಿಂದಲೂ ಐಬಿಎಸ್ ಇರುವವಳು. ಹಾಗಾಗಿ ಓದಿ ತಿಳಿದದ್ದನ್ನೂ ಅನುಭವಿಸಿ ತಿಳಿದದ್ದನ್ನೂ ಬೇರೆ ಬೇರೆಯಾಗಿಯೇ ಹೇಳುತ್ತೇನೆ.

ಚಿಕ್ಕ ಉತ್ತರ ಬೇಕಿದ್ದರೆ, ಹೆಚ್ಚಿನ ಹೆಂಗಸರಲ್ಲಿ ಈ ಮಾತ್ರೆ ದಿನನಿತ್ಯದ ಐಬಿಎಸ್ ಅನ್ನು ಗಮನಾರ್ಹವಾಗಿ ಕೆಡಿಸುವುದೂ ಇಲ್ಲ, ಗುಣಪಡಿಸುವುದೂ ಇಲ್ಲ. ಆದರೆ ನಿಮ್ಮ ಹಾಗೆ ಮುಟ್ಟಿನ ಲೆಕ್ಕಕ್ಕೆ ಸರಿಯಾಗಿ ಹೊಟ್ಟೆ ಕೆಡುವವರ ವಿಷಯ ಸ್ವಲ್ಪ ಬೇರೆ. ಕರುಳು ಹಾರ್ಮೋನಿನ ಪ್ರಮಾಣಕ್ಕಿಂತ ಅದರ ಏರಿಳಿತಕ್ಕೆ ಹೆಚ್ಚು ಕೆರಳುವಂತೆ ಕಾಣುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಅಂಡ ಬಿಡುಗಡೆಯಾದ ಮೇಲೆ, ಅಂದರೆ ಚಕ್ರದ ದ್ವಿತೀಯಾರ್ಧದಲ್ಲಿ, ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಸಡಿಲಗೊಳಿಸುವ ಹಾಗೆಯೇ ಕರುಳಿನ ಗೋಡೆಯ ಸ್ನಾಯುವನ್ನೂ ಸಡಿಲಗೊಳಿಸುತ್ತದೆ. ಎರಡೂ ಒಂದೇ ಜಾತಿಯ ಸ್ನಾಯುಗಳು. ಮಲ ನಿಧಾನವಾಗಿ ಸಾಗುತ್ತದೆ, ಗಾಳಿ ತುಂಬಿಕೊಂಡ ಹಾಗಾಗುತ್ತದೆ, ಚೂಡಿದಾರದ ಲಾಡಿ ಸಂಜೆಯ ಹೊತ್ತಿಗೆ ಬಿಗಿಯಾಗುತ್ತದೆ. ಮುಟ್ಟು ಹತ್ತಿರವಾದಾಗ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎರಡೂ ಒಟ್ಟಿಗೆ ಇಳಿದುಬಿಡುತ್ತವೆ, ಅದರ ಬೆನ್ನಿಗೇ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ. ಗರ್ಭಕೋಶವನ್ನು ಹಿಂಡಿ ಮುಟ್ಟಿನ ನೋವು ತರುವುದು ಇದೇ. ಪಕ್ಕದಲ್ಲೇ ಇರುವ ಕರುಳನ್ನೂ ಇದು ಸುಮ್ಮನೆ ಬಿಡುವುದಿಲ್ಲ. ಮೊದಲ ದಿನ ನಾಲ್ಕು ಸಲ ಓಡಬೇಕಾಗುವುದು ಇದರಿಂದ. ಐಬಿಎಸ್ ಇಲ್ಲದ ಹೆಂಗಸರಿಗೂ ಇಷ್ಟೆಲ್ಲ ಆಗುತ್ತದೆ. ನಮ್ಮಂಥವರ ಕರುಳಿನ ನರಗಳು ಮೊದಲೇ ಸೂಕ್ಷ್ಮವಾಗಿರುವುದರಿಂದ ಅದೇ ಸೆಳೆತ ನಮಗೆ ಇನ್ನೂ ಜೋರಾಗಿ ಕೇಳಿಸುತ್ತದೆ.

ಈಗ ಮಾತ್ರೆಯ ವಿಷಯ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಆಗಲಿ, ಅಂಗಡಿಯಲ್ಲಿ ಸಿಗುವ ಮಾಲಾ-ಡಿ ಆಗಲಿ, ಒಂದೊಂದು ಹಾರ್ಮೋನ್ ಮಾತ್ರೆಯಲ್ಲಿ 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ (ಪ್ರೊಜೆಸ್ಟರಾನ್ ಬಗೆಯದು) ಮತ್ತು 0.03 ಮಿಲಿಗ್ರಾಂ ಎಥಿನೈಲ್ ಈಸ್ಟ್ರಡಯಾಲ್ (ಈಸ್ಟ್ರೋಜನ್ ಬಗೆಯದು) ಇರುತ್ತದೆ. ಅಂಥ 21 ಮಾತ್ರೆಗಳನ್ನು ದಿನಕ್ಕೊಂದರಂತೆ ನುಂಗುವಾಗ ಅಂಡ ಬಿಡುಗಡೆ ನಿಲ್ಲುತ್ತದೆ, ದೇಹದ ಸ್ವಂತ ಏರಿಳಿತ ಹೆಚ್ಚುಕಡಿಮೆ ಮಟ್ಟಸವಾಗುತ್ತದೆ, ಗರ್ಭಕೋಶದ ಒಳಪದರ ತೆಳುವಾಗಿಯೇ ಉಳಿಯುವುದರಿಂದ ಪ್ರೊಸ್ಟಾಗ್ಲಾಂಡಿನ್ನೂ ಕಡಿಮೆಯಾಗುತ್ತದೆ. ಮುಟ್ಟಿನ ನೋವಿಗೆ ಈ ಮಾತ್ರೆಯನ್ನೇ ಔಷಧವಾಗಿ ಕೊಡುವುದು ಈ ಕಾರಣಕ್ಕೆ, ಮತ್ತು ಮುಟ್ಟಿನ ದಿನದ ಭೇದಿ ಕೆಲವರಲ್ಲಿ ತಗ್ಗುವುದೂ ಇದೇ ದಾರಿಯಿಂದ. ಆಮೇಲೆ ಬರುವ ಏಳು ದಿನ ಹಾರ್ಮೋನು ಇಲ್ಲದ ದಿನಗಳು. ಆಗ ಮತ್ತೆ ಇಳಿತ, ಮತ್ತೆ ರಕ್ತಸ್ರಾವ, ಹಲವರಲ್ಲಿ ಮತ್ತೆ ಹೊಟ್ಟೆಯ ತಕರಾರು. ‘ಮಾತ್ರೆಯಿಂದ ಹೊಟ್ಟೆ ಕೆಡುತ್ತಿದೆ’ ಎಂದು ಅಂಗಡಿಗೆ ಬಂದು ದೂರಿದವರನ್ನು ಯಾವ ವಾರದಲ್ಲಿ ಎಂದು ಕೇಳಿದಾಗ, ಹಾರ್ಮೋನ್ ಮಾತ್ರೆ ನಿಲ್ಲಿಸಿದ ವಾರದಲ್ಲಿ ಎಂಬ ಉತ್ತರ ಬಂದದ್ದು ನನಗೆ ಹಲವು ಸಲ ನೆನಪಿದೆ.

ಈ ವಿಷಯದಲ್ಲಿ ಬಹಳ ಕಾಲ ಕೆಲಸ ಮಾಡಿದವರು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಗರೆಟ್ ಹೈಟ್‌ಕೆಂಪರ್. ಐಬಿಎಸ್ ಇರುವ ಹೆಂಗಸರಿಂದ ದಿನಚರಿ ಬರೆಸಿ ಅವರ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಟ್ಟಿನ ಆಸುಪಾಸಿನಲ್ಲಿ ತೊಂದರೆ ಹೆಚ್ಚುವುದು ಕಂಡಿತು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೂ ತೆಗೆದುಕೊಳ್ಳದವರಿಗೂ ಕರುಳಿನ ಲಕ್ಷಣಗಳಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮಾತ್ರೆಯ ಮೇಲೆ ಅತಿಯಾದ ಆಸೆಯನ್ನೂ ಅತಿಯಾದ ಭಯವನ್ನೂ ಇಟ್ಟುಕೊಳ್ಳಬೇಡಿ ಎಂದು ನಾನು ಹೇಳುವುದಕ್ಕೆ ಇದು ಒಂದು ಆಧಾರ.

ನನ್ನದೇ ಒಂದು ಪೆದ್ದುತನವನ್ನು ಹೇಳಿಬಿಡುತ್ತೇನೆ. ಮಗಳು ಹಾಲು ಬಿಟ್ಟ ಮೇಲೆ ನಾನೂ ಇದೇ 28 ಮಾತ್ರೆಗಳ ಸ್ಟ್ರಿಪ್ ಶುರು ಮಾಡಿದೆ. ಮೊದಲ ಮೂರು ವಾರ ಆಗಾಗ ಓಕರಿಕೆ ಬಿಟ್ಟರೆ ಹೊಟ್ಟೆ ಆಶ್ಚರ್ಯವೆನ್ನುವಷ್ಟು ಶಾಂತವಾಗಿತ್ತು. ನಾಲ್ಕನೆಯ ವಾರ ಮಾತ್ರ ಮಲ ಕಲ್ಲಿನಂತಾಗಿ, ಬಣ್ಣ ಕಪ್ಪಾಗಿ, ಎಡಹೊಟ್ಟೆಯಲ್ಲಿ ಹಿಡಿದುಕೊಂಡಂಥ ನೋವು. ಮೂರು ತಿಂಗಳು ಅದೇ ಪಾಡು, ಮೂರು ತಿಂಗಳೂ ಹಾರ್ಮೋನನ್ನೇ ಬೈದುಕೊಂಡೆ. ಒಂದು ಮಧ್ಯಾಹ್ನ ಗಿರಾಕಿಯೊಬ್ಬರಿಗೆ ಸ್ಟ್ರಿಪ್ಪಿನ ಹಿಂಭಾಗ ತೋರಿಸಿ, ‘ಈ ಕೊನೆಯ ಸಾಲಿನ ಬೇರೆ ಬಣ್ಣದ ಏಳು ಮಾತ್ರೆಗಳಲ್ಲಿ ಹಾರ್ಮೋನು ಇಲ್ಲಮ್ಮ, ಕಬ್ಬಿಣ ಮಾತ್ರ’ ಎಂದು ನಾನೇ ವಿವರಿಸುತ್ತಿದ್ದಾಗ ನಾಲಿಗೆ ಅರ್ಧಕ್ಕೇ ನಿಂತಿತು. ಅವುಗಳಲ್ಲಿರುವುದು 60 ಮಿಲಿಗ್ರಾಂ ಫೆರಸ್ ಫ್ಯೂಮರೇಟ್. ಕಬ್ಬಿಣದಂಶದ ಮಾತ್ರೆಯಿಂದ ಮಲ ಕಪ್ಪಾಗುವುದು, ಮಲಬದ್ಧತೆಯಾಗುವುದು, ಕೆಲವರಿಗೆ ಭೇದಿಯಾಗುವುದು ನಮ್ಮ ಪಾಠದ ಮೊದಲ ವರ್ಷದ ಸಂಗತಿ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಅಷ್ಟು ವ್ಯಾಪಕವಾಗಿರುವುದರಿಂದ ಆ ಏಳು ಮಾತ್ರೆಗಳನ್ನು ಸೇರಿಸಿರುವುದು ಸರಿಯಾದದ್ದೇ. ಆದರೆ ಗರ್ಭ ತಡೆಯುವುದಕ್ಕೆ ಅವುಗಳ ಅಗತ್ಯವಿಲ್ಲ. ವೈದ್ಯರನ್ನು ಕೇಳಿ ಅವನ್ನು ಬಿಡಬಹುದು, ಆದರೆ ಏಳು ದಿನಗಳ ಎಣಿಕೆ ತಪ್ಪದೆ ಎಂಟನೆಯ ದಿನ ಹೊಸ ಸ್ಟ್ರಿಪ್ ಆರಂಭವಾಗಲೇಬೇಕು. ಹಿಮೋಗ್ಲೋಬಿನ್ ಕಡಿಮೆ ಇದ್ದವರು ಮಾತ್ರ ತಾವಾಗಿಯೇ ಬಿಡಬಾರದು.

ಆ ಏಳು ದಿನಗಳ ಬಗ್ಗೆ ಇನ್ನೊಂದು ಮಾತು. ಬಿಡುವಿನ ವಾರದಲ್ಲೇ ಹೊಟ್ಟೆ ಕೆಡುವುದು ಖಚಿತವಾದರೆ, ಎಲ್ಲ ಹಾರ್ಮೋನ್ ಮಾತ್ರೆಗಳಲ್ಲೂ ಒಂದೇ ಪ್ರಮಾಣವಿರುವ ಸ್ಟ್ರಿಪ್ಪುಗಳನ್ನು ಬಿಡುವು ಕೊಡದೆ ಎರಡು ಮೂರು ತಿಂಗಳು ಸತತವಾಗಿ ತೆಗೆದುಕೊಳ್ಳುವ ಕ್ರಮವೂ ಇದೆ. ಪ್ರತಿ ತಿಂಗಳೂ ರಕ್ತ ಹೋಗಲೇಬೇಕು, ಇಲ್ಲದಿದ್ದರೆ ಕೆಟ್ಟ ರಕ್ತ ಒಳಗೇ ಉಳಿಯುತ್ತದೆ ಎಂಬುದು ನಮ್ಮ ಮನೆಗಳಲ್ಲಿ ಎಲ್ಲರೂ ಹೇಳುವ ಮಾತು. ಮಾತ್ರೆಯ ಮೇಲಿರುವಾಗ ಬರುವುದು ಹಾರ್ಮೋನು ನಿಲ್ಲಿಸಿದ್ದಕ್ಕೆ ಬರುವ ಸ್ರಾವ, ಅದು ಬಾರದಿದ್ದರೆ ಒಳಗೆ ಏನೂ ಕಟ್ಟಿಕೊಳ್ಳುವುದಿಲ್ಲ. ನಡುವೆ ರಕ್ತದ ಕಲೆ ಕಾಣುವ ತಾಪತ್ರಯ ಮೊದಲಿಗೆ ಇರುತ್ತದೆ. ಈ ಕ್ರಮವನ್ನು ನಿಮ್ಮ ವೈದ್ಯರ ಬಳಿ ನೀವೇ ಪ್ರಸ್ತಾಪಿಸಿ, ಏಕೆಂದರೆ ಕೇಳದಿದ್ದರೆ ಬಹುಪಾಲು ಯಾರೂ ಹೇಳುವುದಿಲ್ಲ.

ಭೇದಿಯಾದರೆ ಮಾತ್ರೆ ಮೈಗೆ ಹಿಡಿಯದೆ ಹೋಗಿ ಗರ್ಭ ನಿಲ್ಲಬಹುದೇ ಎಂಬ ನಿಮ್ಮ ಎರಡನೆಯ ಅನುಮಾನಕ್ಕೆ ಬರುತ್ತೇನೆ. ಹಾರ್ಮೋನು ಹೀರಲ್ಪಡುವುದು ಸಣ್ಣ ಕರುಳಿನಲ್ಲಿ. ಬೆಳಿಗ್ಗೆ ಎರಡು ಮೂರು ಸಲ ತೆಳುವಾಗಿ ಹೋಗುವ ಸಾಮಾನ್ಯ ಐಬಿಎಸ್ ಭೇದಿ ಮುಖ್ಯವಾಗಿ ದೊಡ್ಡ ಕರುಳಿನ ಆತುರ. ಅದರಿಂದ ಮಾತ್ರೆಯ ಕೆಲಸ ಕೆಡುವುದಿಲ್ಲ. ನುಂಗಿ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ ತೆಗೆದುಕೊಳ್ಳಬೇಕು. ನೀರಿನಂತಹ ಜೋರು ಭೇದಿ ಅಥವಾ ವಾಂತಿ ಎರಡು ದಿನ ಮೀರಿ ನಡೆದರೆ, ಮಾತ್ರೆಯನ್ನು ಮುಂದುವರಿಸುತ್ತ, ಅದು ನಿಂತ ಮೇಲೆ ಏಳು ದಿನ ಮಾತ್ರೆ ನುಂಗುವವರೆಗೂ ಕಾಂಡೋಮ್ ಬಳಸಬೇಕು. ಇದಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ನಾವು ಹೊಟ್ಟೆಗೆಂದು ನಾವಾಗಿಯೇ ತಿನ್ನುವ ಬೇರೆ ಪದಾರ್ಥಗಳನ್ನು. ಗ್ಯಾಸಿಗೆಂದು ತೆಗೆದುಕೊಳ್ಳುವ ಇದ್ದಿಲಿನ ಮಾತ್ರೆ ಹೊಟ್ಟೆಯಲ್ಲಿ ಸಿಕ್ಕ ಔಷಧವನ್ನೆಲ್ಲ ಹಿಡಿದುಕೊಂಡು ಹೊರಗೆ ಹೋಗುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ನುಂಗಲೇಬಾರದು. ಇಸಬ್ಗೋಲಿಗೂ ಮಾತ್ರೆಗೂ ಎರಡು ಗಂಟೆ ಅಂತರ ಇಟ್ಟರೆ ಸಾಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನು ನಿಜವಾಗಿಯೂ ಕುಗ್ಗಿಸುತ್ತದೆ. ಭೇದಿ ಬಗೆಯ ಐಬಿಎಸ್‌ಗೆ ಕೊಡುವ ರಿಫಾಕ್ಸಿಮಿನ್ ಬಹುಪಾಲು ಕರುಳಿನಲ್ಲೇ ಉಳಿಯುವಂಥದ್ದು, ಎರಡರ ಹೆಸರು ಕೇಳಿ ಗಾಬರಿಯಾದವರು ಇರುವುದರಿಂದ ಹೇಳಿದೆ. ಆದರೂ ಅದನ್ನು ಬರೆದುಕೊಡುವ ವೈದ್ಯರಿಗೆ ನೀವು ಈ ಮಾತ್ರೆಯ ಮೇಲಿದ್ದೀರಿ ಎಂದು ತಿಳಿಸಿ.

ಮುಟ್ಟಿನ ನೋವಿಗೆಂದು ನಮ್ಮಲ್ಲಿ ಚೀಟಿಯಿಲ್ಲದೆ ಕೊಂಡು ನುಂಗುವ ಮೆಫೆನಾಮಿಕ್ ಆಸಿಡ್ ಮಾತ್ರೆಯೂ ಲೆಕ್ಕಕ್ಕೆ ಬರಬೇಕು: ಅದೇ ಕೆಲವರಿಗೆ ಭೇದಿ ತರುತ್ತದೆ.

ಇನ್ನು, ಯಾರೂ ಸಾಮಾನ್ಯವಾಗಿ ಹೇಳದ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ, ಕೆಲವೊಮ್ಮೆ ಕರುಳಿನ ಮೇಲೆಯೇ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ ಐಬಿಎಸ್‌ನ ವೇಷ ಹಾಕಿಕೊಂಡು ವರ್ಷಗಟ್ಟಲೆ ಓಡಾಡುತ್ತದೆ. ಎರಡೂ ಒಬ್ಬರಲ್ಲೇ ಇರುವುದೂ ಉಂಟು. ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆ ಮಾಡುವಾಗ ಚುಚ್ಚಿದಂಥ ನೋವು, ಗಂಡನೊಡನೆ ಕೂಡುವಾಗ ಆಳದಲ್ಲಿ ನೋವು, ಎರಡು ದಿನ ಹಾಸಿಗೆ ಬಿಟ್ಟು ಏಳಲಾಗದಂಥ ಮುಟ್ಟು, ಇವು ನಿಮಗಿದ್ದರೆ ಸ್ತ್ರೀರೋಗ ತಜ್ಞರಿಗೆ ಸಂಕೋಚ ಬಿಟ್ಟು ಹೇಳಿ. ಹಾರ್ಮೋನ್ ಮಾತ್ರೆ ಎಂಡೊಮೆಟ್ರಿಯೋಸಿಸ್ ನೋವನ್ನು ತಗ್ಗಿಸುತ್ತದೆ. ಆದ್ದರಿಂದ ಮಾತ್ರೆ ಶುರು ಮಾಡಿದ ಮೇಲೆ ನಿಮ್ಮ ‘ಐಬಿಎಸ್’ ತೀರಾ ಮಾಯವಾದರೆ ಸಂತೋಷಪಟ್ಟು ಸುಮ್ಮನಾಗದೆ, ಅದು ಮೊದಲಿಗೇ ಐಬಿಎಸ್ ಆಗಿತ್ತೇ ಎಂದು ಒಮ್ಮೆ ವೈದ್ಯರನ್ನು ಕೇಳುವುದು ಒಳ್ಳೆಯದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ರಕ್ತಹೀನತೆ, ಇವುಗಳಲ್ಲಿ ಯಾವುದನ್ನೂ ಐಬಿಎಸ್ ಲೆಕ್ಕಕ್ಕಾಗಲಿ ಮಾತ್ರೆಯ ಲೆಕ್ಕಕ್ಕಾಗಲಿ ಬರೆದುಕೊಳ್ಳಬಾರದು, ಪರೀಕ್ಷೆ ಆಗಲೇಬೇಕು.

ಬೇರೆ ವಿಧಾನಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಸರ್ಕಾರದ ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ ಕೊಡುವ 150 ಮಿಲಿಗ್ರಾಂ ಪ್ರೊಜೆಸ್ಟಿನ್, ಅಂದರೆ ಪ್ರೊಜೆಸ್ಟರಾನಿನಂತೆ ಕೆಲಸ ಮಾಡುವ ಕೃತಕ ಹಾರ್ಮೋನು. ಹೊಟ್ಟೆಗೆ ಒಗ್ಗದಿದ್ದರೆ ಒಮ್ಮೆ ಚುಚ್ಚಿದ್ದನ್ನು ವಾಪಸು ತೆಗೆಯುವಂತಿಲ್ಲ, ಹಾಗಾಗಿ ಕರುಳಿನ ಬಗ್ಗೆ ಅಳುಕಿರುವವರಿಗೆ ಅದನ್ನು ಮೊದಲ ಆಯ್ಕೆಯಾಗಿ ನಾನು ಸೂಚಿಸುವುದಿಲ್ಲ. ಲಖ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಛಾಯಾ ಮಾತ್ರೆಯಲ್ಲಿ ಈಸ್ಟ್ರೋಜನ್ನೂ ಇಲ್ಲ, ಪ್ರೊಜೆಸ್ಟಿನ್ನೂ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು, ಆದರೆ ಕೆಲವರಲ್ಲಿ ಮುಟ್ಟು ಮುಂದಕ್ಕೆ ಹೋಗುತ್ತದೆ. ಕಾಪರ್-ಟಿ ಹಾರ್ಮೋನಿಲ್ಲದ್ದಾದರೂ ಮೊದಲ ತಿಂಗಳುಗಳಲ್ಲಿ ಮುಟ್ಟಿನ ನೋವನ್ನೂ ಸ್ರಾವವನ್ನೂ ಹೆಚ್ಚಿಸುವುದರಿಂದ ಮೊದಲ ದಿನವೇ ಒದ್ದಾಡುವ ನಿಮ್ಮಂಥವರು ಯೋಚಿಸಿ ಹಾಕಿಸಿಕೊಳ್ಳಬೇಕು. ಹಾರ್ಮೋನು ಇರುವ ಸಾಧನವನ್ನು ಗರ್ಭಕೋಶದೊಳಗೆ ಇಟ್ಟರೆ ರಕ್ತಕ್ಕೆ ಸೇರುವ ಪ್ರಮಾಣ ಕಡಿಮೆ, ಸ್ರಾವವೂ ನೋವೂ ತಗ್ಗುತ್ತವೆ. ಬೆಲೆ ಮಾತ್ರ ಹೆಚ್ಚು. ಯಾವುದನ್ನೇ ಆರಿಸಿದರೂ, ಈಸ್ಟ್ರೋಜನ್ ಇರುವ ಮಾತ್ರೆಗೆ ಮೊದಲು ಬಿ.ಪಿ. ನೋಡಿಸಿಕೊಳ್ಳಿ. ಕಣ್ಣ ಮುಂದೆ ಮಿಂಚು ಕಂಡು ಬರುವ ಅರೆತಲೆನೋವು, ಹಿಂದೆ ಎಂದಾದರೂ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದು, ಇವು ಇದ್ದರೆ ಆ ಮಾತ್ರೆ ಬೇಡ.

ಕೊನೆಗೆ, ಈ ತಿಂಗಳು ನೀವು ಮಾಡಬಹುದಾದ ಕೆಲಸ. ನನ್ನ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಚೌಕದ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದಕ್ಷರ ಬರೆಯುತ್ತಿದ್ದೆ: ಗಟ್ಟಿಗೆ ‘ಗ’, ತೆಳುವಿಗೆ ‘ತ’, ಉಬ್ಬರಕ್ಕೆ ‘ಉ’, ನೋವು ಜೋರಿದ್ದರೆ ಅದರ ಕೆಳಗೊಂದು ಗೆರೆ, ಮುಟ್ಟಿನ ದಿನಕ್ಕೆ ಒಂದು ಸುತ್ತು. ಅತ್ತೆ ಬಹಳ ದಿನ ಅದನ್ನು ಹಾಲಿನ ಲೆಕ್ಕವೆಂದೇ ತಿಳಿದಿದ್ದರು. ಮಾತ್ರೆ ಶುರು ಮಾಡುವ ಮೊದಲು ಒಂದು ಪೂರ್ತಿ ಚಕ್ರ ಹೀಗೆ ಬರೆಯಿರಿ, ಅಲ್ಲಿಯವರೆಗೆ ಕಾಂಡೋಮ್ ಸಾಕು; ಮುಂದಿನ ಮುಟ್ಟು ಬಂದ ಐದು ದಿನಗಳೊಳಗೆ ಮಾತ್ರೆ ಆರಂಭಿಸಿ, ರಾತ್ರಿ ಊಟವಾದ ಮೇಲೆ ನುಂಗಿ, ಓಕರಿಕೆ ಕಡಿಮೆಯಾಗುತ್ತದೆ. ಮೊದಲ ಎರಡು ಸ್ಟ್ರಿಪ್ಪುಗಳ ಉಬ್ಬರವನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಮೂರನೆಯದು ಮುಗಿದಾಗ ನಾಲ್ಕು ಹಾಳೆಗಳನ್ನೂ ಕಿತ್ತು ಒಟ್ಟಿಗೆ ವೈದ್ಯರ ಮೇಜಿನ ಮೇಲಿಡಿ.